ಟಿವಿ ಚಿತ್ರ ಕಂಪ್ಯೂಟರಿಗೆ ಇಳಿಯುವಾಗ ಎಲ್ಲೆಲ್ಲಿ ಕೆಡುತ್ತದೆ?

ಒಂದೇ ಟೇಪು, ಒಂದೇ ವಿಸಿಆರ್. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗೆ ಜೋಡಿಸಿದರೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಅದನ್ನೇ ಕಂಪ್ಯೂಟರಿಗೆ ಇಳಿಸಿ ಮಾನಿಟರ್‌ನಲ್ಲಿ ನೋಡಿದರೆ ಮಂಕು. ಬಣ್ಣ ಅಂಚು ದಾಟಿ ಹರಡಿಕೊಂಡಿರುತ್ತದೆ. ಯಾರಾದರೂ ಓಡಿದರೆ ಮೈಯಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಏಳುತ್ತವೆ. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಳ್ಳೆಯ ಫಿಲ್ಟರ್ ಹುಡುಕುವುದು. ಶಾರ್ಪ್ ಮಾಡುವುದು, ನಾಯ್ಸ್ (ಚಿತ್ರದ ಮೇಲೆ ಕುಣಿಯುವ ಬೇಡದ ಚುಕ್ಕಿಗಳು) ತೆಗೆಯುವುದು, ಈಗಂತೂ ಎಐ ಸಾಫ್ಟ್‌ವೇರ್ ಹಾಕಿ ಚಿತ್ರವನ್ನು ದೊಡ್ಡದು ಮಾಡುವುದು.

ಅದು ಕೊನೆಗೆ ಮಾಡಬೇಕಾದ ಕೆಲಸ. ಟೇಪಿನಿಂದ ಅಥವಾ ಆ್ಯಂಟೆನಾದಿಂದ ಹೊರಟ ಸಿಗ್ನಲ್ ಫೈಲ್ ಆಗುವಷ್ಟರಲ್ಲಿ ಹಲವು ಕಡೆ ಹಾದು ಬರುತ್ತದೆ. ಪ್ರತಿ ಕಡೆಯಲ್ಲೂ ಏನೋ ಒಂದಿಷ್ಟು ಕಳೆದುಹೋಗಬಹುದು. ಒಮ್ಮೆ ಕಳೆದದ್ದನ್ನು ಮುಂದಿನ ಹಂತ ವಾಪಸ್ ತರಲಾರದು, ತಂದಂತೆ ತೋರಿಸಬಹುದು ಅಷ್ಟೆ. ಹಾಗಾಗಿ ಸಿಗ್ನಲ್ ಹುಟ್ಟುವ ಕಡೆಯಿಂದ ಶುರುಮಾಡಿ ಒಂದೊಂದೇ ಹಂತ ಸರಿಪಡಿಸುತ್ತಾ ಬರಬೇಕು. ಈ ಕ್ರಮ ತಲೆಕೆಳಗಾದರೆ ಎಷ್ಟು ದುಬಾರಿ ಸಾಫ್ಟ್‌ವೇರ್ ಇದ್ದರೂ ಪ್ರಯೋಜನ ಕಮ್ಮಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಟಿವಿಯಲ್ಲಿ ಚಿತ್ರ ಚೆನ್ನಾಗಿ ಕಂಡದ್ದರಲ್ಲಿ ಟಿವಿಯ ಪಾಲೂ ಇದೆ. ಪಿಕ್ಚರ್ ಟ್ಯೂಬ್ ಚಿತ್ರವನ್ನು ತಾನಾಗಿ ಸ್ವಲ್ಪ ಮೆತ್ತಗೆ ಮಾಡುತ್ತದೆ. ನಾಲ್ಕೂ ಅಂಚುಗಳನ್ನು ಪರದೆಯ ಚೌಕಟ್ಟಿನ ಆಚೆಗೆ ತಳ್ಳಿ ಅಲ್ಲಿನ ಕೊಳೆಯನ್ನು ಮುಚ್ಚಿಡುತ್ತದೆ. ಸಿಗ್ನಲ್ ಅಲ್ಲಲ್ಲಿ ತಡವರಿಸಿದರೂ ಸಹಿಸಿಕೊಳ್ಳುತ್ತದೆ. ಮಾನಿಟರ್ ಇದ್ಯಾವುದನ್ನೂ ಮಾಡುವುದಿಲ್ಲ. ಇದ್ದದ್ದನ್ನು ಇದ್ದಂತೆ, ಅದೂ ಹತ್ತಿರದಿಂದ, ದೊಡ್ಡದಾಗಿ ತೋರಿಸುತ್ತದೆ. ಆದ್ದರಿಂದ ಕಂಡ ಎಲ್ಲ ದೋಷವೂ ಕ್ಯಾಪ್ಚರ್‌ನಲ್ಲಿ, ಅಂದರೆ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವಾಗ, ಹುಟ್ಟಿದ್ದಲ್ಲ.

ಮೊದಲ ಪ್ರಶ್ನೆ: ಬರುತ್ತಿರುವುದು ಡಿಜಿಟಲ್ಲೋ ಅನಲಾಗೋ?

ಟಿವಿ ಪ್ರಸಾರವನ್ನು ಕಂಪ್ಯೂಟರಿನಲ್ಲಿ ಹಿಡಿಯುವ ಡಿಜಿಟಲ್ ಟ್ಯೂನರ್ ಕಾರ್ಡ್ ಇದ್ದರೆ ನಿಮ್ಮ ಕೆಲಸ ಬಹಳ ಸುಲಭ. ಡಿಜಿಟಲ್ ಪ್ರಸಾರದಲ್ಲಿ ಚಿತ್ರ ಎಂಪೆಗ್-2 ಅಥವಾ ಎಚ್.264ನಂಥ ರೂಪದಲ್ಲಿ ಕಂಪ್ರೆಸ್ ಆಗಿಯೇ ಬರುತ್ತದೆ. ಟ್ಯೂನರ್ ಆ ಬಿಟ್‌ಗಳನ್ನು ಎತ್ತಿ ಕೊಡುತ್ತದೆ, ಅಷ್ಟೆ. 188 ಬೈಟ್‌ನ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಬರುವ ಈ ಟ್ರಾನ್ಸ್‌ಪೋರ್ಟ್ ಸ್ಟ್ರೀಮನ್ನು ಹಾಗೇ ಡಿಸ್ಕಿಗೆ ಬರೆಸಿಕೊಳ್ಳಿ. ಅದೇ ನಿಮಗೆ ಸಿಗಬಹುದಾದ ಅತ್ಯುತ್ತಮ ಗುಣಮಟ್ಟ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ‘ಹೈ ಕ್ವಾಲಿಟಿ’ ಅಂತ ಬೇರೆ ಆಯ್ಕೆ ಇದ್ದರೆ ಅದನ್ನು ಮುಟ್ಟಬೇಡಿ. ಅದು ಬಂದ ಚಿತ್ರವನ್ನು ಬಿಚ್ಚಿ ಮತ್ತೆ ಕಂಪ್ರೆಸ್ ಮಾಡುತ್ತದೆ, ಪ್ರತಿ ಸಲವೂ ಒಂದಿಷ್ಟು ನಷ್ಟವೇ. ಜಾಹೀರಾತು ಕತ್ತರಿಸಬೇಕಿದ್ದರೂ ಮತ್ತೆ ಎನ್‌ಕೋಡ್ ಮಾಡದೆ ಕೀ ಫ್ರೇಮ್‌ಗಳ (ಬೇರೆ ಫ್ರೇಮ್‌ಗಳ ನೆರವಿಲ್ಲದೆ ಪೂರ್ತಿಯಾಗಿ ಬರೆದಿರುವ ಫ್ರೇಮ್‌ಗಳ) ಹತ್ತಿರ ಕತ್ತರಿಸುವ ಸಾಫ್ಟ್‌ವೇರ್ ಬಳಸಿ.

ಇಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದರೆ, ಧ್ವನಿ ಕೀಚ್ ಎಂದರೆ, ಪ್ಯಾಕೆಟ್‌ಗಳು ದಾರಿಯಲ್ಲಿ ಬಿದ್ದುಹೋಗಿವೆ ಎಂದರ್ಥ. ಅದಕ್ಕೆ ಮದ್ದು ಆ್ಯಂಟೆನಾ ಮತ್ತು ಕೇಬಲ್‌ನಲ್ಲಿದೆ. ಡಿಜಿಟಲ್‌ನಲ್ಲಿ ಸಿಗ್ನಲ್ ಸಾಕಷ್ಟಿದ್ದರೆ ಚಿತ್ರ ಪೂರ್ತಿ ಸರಿ, ಸಾಲದಿದ್ದರೆ ಒಡೆಯುತ್ತದೆ. ಕೇಬಲ್ ಬದಲಿಸಿದ್ದರಿಂದ ಬಣ್ಣ ಗಾಢವಾಯಿತು ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ.

ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಮೂಲಕ ಕ್ಯಾಪ್ಚರ್ ಮಾಡುವವರು ಎರಡು ಸಂಗತಿ ನೋಡಿಕೊಂಡರೆ ಸಾಕು. ಒಂದು, ಕ್ಯಾಪ್ಚರ್ ಸಾಧನದ ತಾಕತ್ತು. 1920×1080 ಚಿತ್ರವನ್ನು ಸೆಕೆಂಡಿಗೆ 60 ಫ್ರೇಮ್‌ನಂತೆ ಕಂಪ್ರೆಸ್ ಮಾಡದೆ ಕಳಿಸಲು ಸೆಕೆಂಡಿಗೆ ಸುಮಾರು 250 ಎಂಬಿ ಬೇಕು. ಯುಎಸ್‌ಬಿ 2.0ರ ಲೆಕ್ಕದ ಗರಿಷ್ಠ ವೇಗವೇ ಸೆಕೆಂಡಿಗೆ 60 ಎಂಬಿ. ಹಾಗಾಗಿ ಯುಎಸ್‌ಬಿ 2.0 ಕಡ್ಡಿಗಳು ಒಳಗೇ ಚಿತ್ರವನ್ನು ಕಂಪ್ರೆಸ್ ಮಾಡಿ, ಹೆಚ್ಚಾಗಿ ಮೋಷನ್ ಜೆಪೆಗ್ ರೂಪದಲ್ಲಿ, ಕಳಿಸುತ್ತವೆ. ಅಕ್ಷರಗಳ ಸುತ್ತ ಕಾಣುವ ಕಸ ಅಲ್ಲಿಂದಲೇ ಬರುವುದು. ಎರಡು, ಕಪ್ಪು-ಬಿಳುಪಿನ ಮಿತಿ. ಇದರ ವಿಷಯ ಮುಂದೆ ಬರುತ್ತದೆ. ಇನ್ನು ಕಾಪಿ ತಡೆ ಇರುವ ಕಾರ್ಯಕ್ರಮ ಬಂದಾಗ ಪರದೆ ಕಪ್ಪಾದರೆ ಅದು ನಿಮ್ಮ ಸೆಟ್ಟಿಂಗ್ ತಪ್ಪಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ.

ನಿಜವಾದ ಕಷ್ಟ ಇರುವುದು ಅನಲಾಗ್‌ನಲ್ಲಿ. ಇನ್ನು ಮುಂದೆ ಅದರದ್ದೇ ಮಾತು.

ಕೇಬಲ್‌ನೊಳಗೆ ಏನು ಹರಿಯುತ್ತದೆ?

ಅನಲಾಗ್ ವೀಡಿಯೊ ಕಂಪ್ಯೂಟರಿಗೆ ಬರಲು ಮೂರು ದಾರಿ ಸಾಮಾನ್ಯ. ಆ್ಯಂಟೆನಾ ಕೇಬಲ್, ಹಳದಿ ಪಿನ್ನಿನ ಕಾಂಪೋಸಿಟ್, ನಾಲ್ಕು ಸಣ್ಣ ಪಿನ್ನುಗಳ ಎಸ್-ವೀಡಿಯೊ. ಗುಣಮಟ್ಟವೂ ಇದೇ ಕ್ರಮದಲ್ಲಿ ಏರುತ್ತದೆ.

ವಿಸಿಆರ್‌ನ ಆ್ಯಂಟೆನಾ ಔಟ್‌ನಿಂದ ಟ್ಯೂನರ್ ಕಾರ್ಡಿಗೆ ಕೇಬಲ್ ಎಳೆಯುವುದು ಎಲ್ಲಕ್ಕಿಂತ ಕೆಟ್ಟ ದಾರಿ. ವಿಸಿಆರ್ ಚಿತ್ರವನ್ನು ಮತ್ತೆ ಒಂದು ಟಿವಿ ಚಾನೆಲ್ ಆಗಿ ಪರಿವರ್ತಿಸುತ್ತದೆ, ಟ್ಯೂನರ್ ಅದನ್ನು ಮತ್ತೆ ಬಿಡಿಸುತ್ತದೆ. ಸುಮ್ನೆ ಎರಡು ಸಲ ಏಟು. ಹಳದಿ ಪಿನ್ ಇದ್ದರೆ ಅದನ್ನೇ ಬಳಸಿ. ಅನಲಾಗ್ ಪ್ರಸಾರವನ್ನೇ ಹಿಡಿಯಬೇಕಾದಾಗ ಮಾತ್ರ ಆ್ಯಂಟೆನಾ ಕೇಬಲ್ ಅನಿವಾರ್ಯ. ಆಗ ಕಂಪ್ಯೂಟರಿಗೆ ಬರುವ ಮೊದಲು ಎಷ್ಟು ಸ್ಪ್ಲಿಟರ್ ಇವೆ ಎಣಿಸಿ. ಎರಡು ದಾರಿಯ ಒಂದು ಸ್ಪ್ಲಿಟರ್ ಸಿಗ್ನಲ್ಲಿನ ಶಕ್ತಿಯನ್ನು ಅರ್ಧಕ್ಕಿಂತ ಕಮ್ಮಿ ಮಾಡಿ ಮುಂದೆ ಕಳಿಸುತ್ತದೆ. ಸಿಗ್ನಲ್ ಕಮ್ಮಿಯಾದರೆ ಚಿತ್ರದಲ್ಲಿ ಚುಕ್ಕಿ. ಒಂದೇ ಚಿತ್ರ ಪಕ್ಕದಲ್ಲಿ ಮತ್ತೊಮ್ಮೆ ತೆಳುವಾಗಿ ಕಂಡರೆ ಸಿಗ್ನಲ್ ಎಲ್ಲೋ ಬಡಿದು ತಡವಾಗಿ ಬರುತ್ತಿದೆ ಎಂದರ್ಥ. ಆ್ಯಂಟೆನಾದ ದಿಕ್ಕು ತಿರುಗಿಸಬೇಕು, ಸಡಿಲ ಕನೆಕ್ಟರ್ ಬದಲಿಸಬೇಕು. ಯಾವ ಫಿಲ್ಟರೂ ಈ ಎರಡನೇ ಚಿತ್ರವನ್ನು ಚೆನ್ನಾಗಿ ಅಳಿಸುವುದಿಲ್ಲ.

ಕಾಂಪೋಸಿಟ್‌ಗೂ ಎಸ್-ವೀಡಿಯೊಗೂ ಇರುವ ವ್ಯತ್ಯಾಸವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬಣ್ಣದ ಟಿವಿ ಬಂದಾಗ ಕಪ್ಪು-ಬಿಳುಪು ಟಿವಿಗಳೂ ಅದೇ ಸಿಗ್ನಲ್ ಹಿಡಿಯುವಂತಿರಬೇಕಿತ್ತು. ಅದಕ್ಕೆ ಬಣ್ಣದ ಮಾಹಿತಿಯನ್ನು ಬೆಳಕಿನ ಮಾಹಿತಿಯ ನಡುವೆಯೇ ತುರುಕಿದರು. ಭಾರತದಲ್ಲಿ ಬಳಸಿದ ಪಾಲ್ ಪದ್ಧತಿಯಲ್ಲಿ ಬಣ್ಣ ಸುಮಾರು 4.43 ಮೆಗಾಹರ್ಟ್ಸ್‌ನ ಅಲೆಯ ಮೇಲೆ ಕೂರುತ್ತದೆ, ಅಮೆರಿಕದಂಥ ಕಡೆ ಬಳಸಿದ ಎನ್‌ಟಿಎಸ್‌ಸಿಯಲ್ಲಿ 3.58ರ ಮೇಲೆ. ಚಿತ್ರದ ಸೂಕ್ಷ್ಮ ವಿವರಗಳೂ ಇರುವುದು ಅದೇ ಜಾಗದಲ್ಲಿ. ಹಳದಿ ಪಿನ್ನಿನ ಒಂದೇ ತಂತಿಯಲ್ಲಿ ಇವೆರಡೂ ಬೆರೆತು ಬರುತ್ತವೆ. ಯಾವುದು ಬಣ್ಣ, ಯಾವುದು ವಿವರ ಅಂತ ನಿಮ್ಮ ಕಾರ್ಡ್ ಊಹಿಸಿ ಬೇರ್ಪಡಿಸಬೇಕು.

ಊಹೆ ತಪ್ಪಿದ್ದು ಕಣ್ಣಿಗೆ ಕಾಣುತ್ತದೆ. ವಾರ್ತೆಯ ದೃಶ್ಯವೊಂದನ್ನು ನಿಲ್ಲಿಸಿ, ನಾಲ್ಕು ಪಟ್ಟು ಹಿಗ್ಗಿಸಿ ನೋಡಿ. ಪರದೆಯ ಕೆಳಗಿನ ಕೆಂಪು ಪಟ್ಟಿ ನೀಲಿ ಹಿನ್ನೆಲೆಗೆ ತಾಗುವ ಗೆರೆಯ ಉದ್ದಕ್ಕೂ ಸಣ್ಣ ಚುಕ್ಕಿಗಳ ಸಾಲು ಇರುತ್ತದೆ. ವೀಡಿಯೊ ಓಡಿಸಿದರೆ ಆ ಚುಕ್ಕಿಗಳು ಹರಿದಾಡುತ್ತವೆ. ಅಲ್ಲಿ ಕಾರ್ಡ್ ಬಣ್ಣವನ್ನು ವಿವರ ಎಂದುಕೊಂಡಿದೆ. ಇನ್ನು ವಾರ್ತೆ ಓದುವವರ ಸಣ್ಣ ಗೆರೆಯ ಅಂಗಿ ನೋಡಿ. ಬೂದು ಬಣ್ಣದ ಅಂಗಿಯ ಮೇಲೆ ಕಾಮನಬಿಲ್ಲಿನ ಬಣ್ಣಗಳು ಮಿನುಗುತ್ತಿರುತ್ತವೆ. ಅಲ್ಲಿ ವಿವರವನ್ನೇ ಬಣ್ಣ ಎಂದುಕೊಂಡಿದೆ. ಅಕ್ಕಪಕ್ಕದ ಸಾಲುಗಳನ್ನು ಹೋಲಿಸಿ ಬೇರ್ಪಡಿಸುವ ಕೋಂಬ್ ಫಿಲ್ಟರ್ ಇರುವ ಕಾರ್ಡ್‌ನಲ್ಲಿ ಇವೆರಡೂ ಕಮ್ಮಿ. ಕಾರ್ಡ್ ಕೊಳ್ಳುವಾಗ ಪೆಟ್ಟಿಗೆ ಮೇಲಿನ ಬೇರೆಲ್ಲ ಹೊಗಳಿಕೆಗಿಂತ ಇದೊಂದು ಮುಖ್ಯ.

ಎಸ್-ವೀಡಿಯೊದಲ್ಲಿ ಬೆಳಕಿಗೊಂದು ತಂತಿ, ಬಣ್ಣಕ್ಕೊಂದು ತಂತಿ. ಊಹೆಯ ಪ್ರಶ್ನೆಯೇ ಇಲ್ಲ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಮೂಲದಲ್ಲೇ ಎರಡೂ ಬೆರೆತಿದ್ದರೆ, ಉದಾಹರಣೆಗೆ ಅನಲಾಗ್ ಪ್ರಸಾರ ಅಥವಾ ಲೇಸರ್ ಡಿಸ್ಕ್, ಎಸ್-ವೀಡಿಯೊ ಹಾಕಿದರೂ ಬೇರ್ಪಡಿಸುವ ಕೆಲಸ ಕಾರ್ಡಿನ ಬದಲು ಪ್ಲೇಯರ್‌ನೊಳಗೆ ನಡೆಯುತ್ತದೆ. ಯಾರು ಚೆನ್ನಾಗಿ ಮಾಡುತ್ತಾರೋ ಅವರಿಗೆ ಬಿಡಬೇಕು. ಮನೆಯ ವಿಸಿಆರ್‌ಗಳಲ್ಲಿ ಓಡುತ್ತಿದ್ದ ವಿಎಚ್‌ಎಸ್ ಟೇಪಿನ ಕತೆ ಬೇರೆ. ಅದರಲ್ಲಿ ಬಣ್ಣವನ್ನು ಸುಮಾರು 627 ಕಿಲೋಹರ್ಟ್ಸ್‌ಗೆ ಇಳಿಸಿ ಬೆಳಕಿನಿಂದ ದೂರವಾಗಿಯೇ ಬರೆದಿರುತ್ತಾರೆ. ಹಾಗಾಗಿ ಟೇಪಿನಿಂದ ಬೇರೆಬೇರೆಯಾಗಿಯೇ ಹೊರತರುವ ಯಂತ್ರ ಸಿಕ್ಕರೆ ನಿಜವಾದ ಲಾಭ. ಮಾಮೂಲಿ ವಿಸಿಆರ್‌ಗಳಲ್ಲಿ ಎಸ್-ವೀಡಿಯೊ ಸಿಗುವುದು ಅಪರೂಪ. ವಿಎಚ್‌ಎಸ್‌ನ ಸುಧಾರಿತ ರೂಪವಾದ ಎಸ್-ವಿಎಚ್‌ಎಸ್ ಯಂತ್ರಗಳಲ್ಲಿ ಇರುತ್ತದೆ, ಅವು ಮಾಮೂಲಿ ಟೇಪನ್ನೂ ಓಡಿಸುತ್ತವೆ. ಹಳದಿ ಪಿನ್ನಿಗೆ ಒಂದು ಅಡಾಪ್ಟರ್ ಸಿಕ್ಕಿಸಿ ಎಸ್-ವೀಡಿಯೊ ಮಾಡಿಕೊಂಡರೆ ಮಾತ್ರ ಏನೂ ಸಿಗುವುದಿಲ್ಲ. ಬೆರೆತದ್ದು ಬೆರೆತೇ ಇರುತ್ತದೆ.

ಚಿತ್ರದ ಮೇಲೆ ಅಗಲವಾದ ಮಬ್ಬು ಪಟ್ಟಿಗಳು ನಿಧಾನವಾಗಿ ಮೇಲೆ ಕೆಳಗೆ ಸಾಗುತ್ತಿದ್ದರೆ, ಧ್ವನಿಯಲ್ಲಿ ಗುಂಯ್ ಅನ್ನುತ್ತಿದ್ದರೆ, ಅದು ಅರ್ಥಿಂಗ್ ತೊಂದರೆ ಇರಬಹುದು. ವಿಸಿಆರ್, ಕಂಪ್ಯೂಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಪಟ್ಟಿ ಮಾಯವಾದರೆ ಕಾರಣ ಸಿಕ್ಕಿತು.

ಟೇಪು, ಮತ್ತು ಬಾಗಿದ ಬಾಗಿಲು

ವಿಎಚ್‌ಎಸ್ 1976ರಲ್ಲಿ ಬಂದದ್ದು. ಅದರಲ್ಲಿ ಅಡ್ಡಗಲದಲ್ಲಿ ಸುಮಾರು 240 ಗೆರೆಯಷ್ಟು ವಿವರ ಮಾತ್ರ ನಿಲ್ಲುತ್ತದೆ. ಇದು ಆ ಮಾಧ್ಯಮದ ಮಿತಿ, ಇದನ್ನು ದಾಟಲಾಗದು. ನಮ್ಮ ಕೈಲಿರುವುದು ಆ 240 ಪೂರ್ತಿ ಬರುವಂತೆ ನೋಡಿಕೊಳ್ಳುವುದು.

ವಿಸಿಆರ್‌ನಲ್ಲಿ ಟೇಪನ್ನು ಓದುವ ಹೆಡ್ ಸ್ವಚ್ಛ ಮಾಡಿ. ವರ್ಷಗಟ್ಟಲೆ ಕೂತ ಟೇಪನ್ನು ಓಡಿಸುವ ಮೊದಲು ಒಮ್ಮೆ ಕೊನೆವರೆಗೆ ಸುತ್ತಿ ಮತ್ತೆ ಹಿಂದಕ್ಕೆ ಸುತ್ತಿದರೆ ಬಿಗಿತ ಸಮನಾಗುತ್ತದೆ. ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಮಾತ್ರ ಅದನ್ನು ವಿಸಿಆರ್‌ಗೆ ಹಾಕಲೇಬೇಡಿ. ಹೆಡ್‌ಗೂ ಹತ್ತಿ, ಮುಂದಿನ ಟೇಪುಗಳಿಗೂ ಅಂಟುತ್ತದೆ. ಟ್ರ್ಯಾಕಿಂಗ್ ಅನ್ನು, ಅಂದರೆ ಹೆಡ್ ಟೇಪಿನ ಮೇಲಿನ ಗೆರೆಗಳಿಗೆ ಸರಿಯಾಗಿ ಕೂರುವಂತೆ ಮಾಡುವ ಹೊಂದಾಣಿಕೆಯನ್ನು, ಪ್ರತಿ ಟೇಪಿಗೂ ಕೈಯಾರೆ ಸರಿಮಾಡಿ. ಆಟೋ ಟ್ರ್ಯಾಕಿಂಗ್ ಮಧ್ಯದಲ್ಲಿ ಮನಸ್ಸು ಬದಲಿಸಿದರೆ ಚಿತ್ರ ಒಂದು ಕ್ಷಣ ಹರಿದುಹೋಗುತ್ತದೆ.

ಈಗ ಇನ್ನೊಂದು ದೃಶ್ಯ ನಿಲ್ಲಿಸಿ. ಬಾಗಿಲ ಚೌಕಟ್ಟೋ ಲೈಟ್ ಕಂಬವೋ, ನೇರ ನಿಂತ ಏನಾದರೂ ಇರಲಿ. ಹಿಗ್ಗಿಸಿ ನೋಡಿದರೆ ಆ ನೇರ ಗೆರೆ ನೇರವಾಗಿರುವುದಿಲ್ಲ. ಒಂದು ಸಾಲು ಎಡಕ್ಕೆ, ಮುಂದಿನದು ಬಲಕ್ಕೆ, ಮತ್ತೊಂದು ಎಡಕ್ಕೆ. ಕಂಬದ ಅಂಚು ನಡುಗಿದಂತಿರುತ್ತದೆ. ಕಾರಣ ಯಾಂತ್ರಿಕ. ಪಾಲ್ ವಿಸಿಆರ್‌ನ ಹೆಡ್ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಟೇಪು ಒಂದಿಷ್ಟು ಹಿಗ್ಗಿದ್ದರೂ, ಡ್ರಮ್ಮಿನ ವೇಗ ಕೂದಲೆಳೆಯಷ್ಟು ಏರುಪೇರಾದರೂ, ಸಾಲುಗಳು ಸರಿಯಾದ ಹೊತ್ತಿಗೆ ಶುರುವಾಗುವುದಿಲ್ಲ. ಕ್ಯಾಪ್ಚರ್ ಕಾರ್ಡ್ ಸೆಕೆಂಡಿಗೆ 135 ಲಕ್ಷ ಸಲ ಅಳತೆ ತೆಗೆಯುತ್ತಿರುತ್ತದೆ. ಒಂದು ಸಾಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಮೂರನೇ ಒಂದರಷ್ಟು ತಡವಾದರೂ ನಾಲ್ಕೂವರೆ ಪಿಕ್ಸೆಲ್ ಸರಿಯುತ್ತದೆ.

ಇದಕ್ಕೆ ಪರಿಹಾರ ಟೈಮ್ ಬೇಸ್ ಕರೆಕ್ಟರ್. ಎಲ್ಲರೂ ಟಿಬಿಸಿ ಎನ್ನುತ್ತಾರೆ. ಪ್ರತಿ ಸಾಲನ್ನೂ ಒಂದು ಕ್ಷಣ ಹಿಡಿದಿಟ್ಟು, ಎಲ್ಲವನ್ನೂ ಒಂದೇ ಸಮನಾದ ಗತಿಯಲ್ಲಿ ಹೊರಗೆ ಬಿಡುತ್ತದೆ. ಬಾಗಿಲು ಮತ್ತೆ ನೇರವಾಗುತ್ತದೆ. ಸಾಲು ಸಾಲನ್ನು ಸರಿಮಾಡುವ ಈ ಟಿಬಿಸಿ ಕೆಲವು ಎಸ್-ವಿಎಚ್‌ಎಸ್ ಯಂತ್ರಗಳ ಒಳಗೇ ಇರುತ್ತದೆ. ಇಡೀ ಫ್ರೇಮನ್ನು ಹಿಡಿದು ಬಿಡುವ ಇನ್ನೊಂದು ಬಗೆ ಬೇರೆ ಪೆಟ್ಟಿಗೆಯಾಗಿ ಸಿಗುತ್ತದೆ. ಅದರ ಕೆಲಸ ಫ್ರೇಮ್ ಬಿದ್ದುಹೋಗದಂತೆ ನೋಡುವುದು, ಬಾಗಿಲನ್ನು ನೇರ ಮಾಡುವುದಲ್ಲ. ಎರಡನ್ನೂ ಒಂದೇ ಎಂದುಕೊಂಡು ಹಣ ಹಾಕುವವರು ಬಹಳ ಜನ. ಅಷ್ಟು ಖರ್ಚು ಬೇಡ ಎನ್ನುವವರು ಹಳೆಯ ಡಿವಿಡಿ ರೆಕಾರ್ಡರ್ ಒಂದನ್ನು ವಿಸಿಆರ್ ಮತ್ತು ಕಾರ್ಡ್ ನಡುವೆ ಸೇರಿಸಿ, ರೆಕಾರ್ಡ್ ಮಾಡದೆ ಸಿಗ್ನಲ್ಲನ್ನು ಅದರ ಮೂಲಕ ಹಾಯಿಸುತ್ತಾರೆ. ಕೆಲವು ಮಾಡೆಲ್‌ಗಳಲ್ಲಿ ಇದು ಆಶ್ಚರ್ಯವಾಗುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಇದನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಮಾಡಬಾರದೇಕೆ? ಪ್ರತಿ ಸಾಲಿನ ಆರಂಭವನ್ನು ಹೇಳುವ ಸಿಂಕ್ ಗುರುತು ಚಿತ್ರದ ಹೊರಗಿರುತ್ತದೆ. ಮಾಮೂಲಿ ಕ್ಯಾಪ್ಚರ್ ಕಾರ್ಡ್ ಅದನ್ನು ಓದಿ ಎಸೆದುಬಿಡುತ್ತದೆ. ಫೈಲ್‌ನಲ್ಲಿ ಉಳಿಯುವುದು ನಡುಗಿದ ಸಾಲುಗಳಷ್ಟೆ. ಯಾವ ಸಾಲು ಎಷ್ಟು ಸರಿದಿದೆ ಎನ್ನುವ ಲೆಕ್ಕ ಅಲ್ಲಿ ಇರುವುದಿಲ್ಲ. ಕ್ರಮದ ಬಗ್ಗೆ ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ.

ಕಪ್ಪು, ಬಿಳುಪು ಮತ್ತು ಗ್ರಾಫ್

ಕ್ಯಾಪ್ಚರ್ ಶುರುಮಾಡುವ ಮೊದಲು ಬ್ರೈಟ್‌ನೆಸ್, ಕಾಂಟ್ರಾಸ್ಟ್ ಸರಿಮಾಡಬೇಕು. ಆದರೆ ಮಾನಿಟರ್ ನೋಡಿಕೊಂಡು ಅಲ್ಲ. ಮಾನಿಟರಿನ ಸೆಟ್ಟಿಂಗ್ ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ. ವರ್ಚುಯಲ್‌ಡಬ್‌ನಂಥ ಸಾಫ್ಟ್‌ವೇರ್‌ನಲ್ಲಿ ಕ್ಯಾಪ್ಚರ್ ಮಾಡುವಾಗಲೇ ಹಿಸ್ಟೋಗ್ರಾಮ್ ಗ್ರಾಫ್ ತೋರಿಸುವ ಆಯ್ಕೆ ಇದೆ. ಚಿತ್ರದಲ್ಲಿ ಕತ್ತಲು ಎಷ್ಟು, ಬೆಳಕು ಎಷ್ಟು ಎಂದು ಎಡದಿಂದ ಬಲಕ್ಕೆ ತೋರಿಸುವ ಗ್ರಾಫ್ ಅದು. ಅದನ್ನು ತೆರೆಯಿರಿ.

ಡಿಜಿಟಲ್ ವೀಡಿಯೊದಲ್ಲಿ ಬೆಳಕಿಗೆ 0ರಿಂದ 255ರವರೆಗೆ ಅಂಕಿ. ಅದರಲ್ಲಿ ಟಿವಿ ವೀಡಿಯೊ 16ನ್ನು ಕಪ್ಪು ಎಂದೂ 235ನ್ನು ಬಿಳುಪು ಎಂದೂ ಇಟ್ಟುಕೊಂಡಿದೆ. ಕಾರ್ಡನ್ನು ನಡೆಸುವ ಬಹಳಷ್ಟು ಡ್ರೈವರ್ ಸಾಫ್ಟ್‌ವೇರ್‌ಗಳಲ್ಲಿ ಕಾಂಟ್ರಾಸ್ಟ್ ಮೊದಲಿನಿಂದಲೇ ಜಾಸ್ತಿ ಇರುತ್ತದೆ. ಬಿಸಿಲಲ್ಲಿ ಬಿಳಿ ಅಂಗಿ ಹಾಕಿ ನಿಂತವರ ದೃಶ್ಯ ಇದ್ದರೆ ಓಡಿಸಿ ನೋಡಿ. ಗ್ರಾಫ್ ಬಲತುದಿಗೆ ಒತ್ತಿಕೊಂಡು ಗೋಡೆಯಂತೆ ನಿಂತರೆ, ಅಂಗಿಯ ಮಡಿಕೆಗಳು ಆಗಲೇ ಹೋದವು. ಎಲ್ಲವೂ ಒಂದೇ ಅಂಕಿಯಾಗಿ ಬರೆಯಲ್ಪಟ್ಟಿವೆ. ಆಮೇಲೆ ಬ್ರೈಟ್‌ನೆಸ್ ಇಳಿಸಿದರೆ ಬಿಳಿ ಅಂಗಿ ಬೂದು ಅಂಗಿಯಾಗುತ್ತದೆ, ಮಡಿಕೆ ಬರುವುದಿಲ್ಲ. ಹಾಗೆಯೇ ರಾತ್ರಿಯ ದೃಶ್ಯದಲ್ಲಿ ಗ್ರಾಫ್ ಎಡತುದಿಗೆ ಒತ್ತಬಾರದು. ಟೇಪಿನಲ್ಲಿ ಅತಿ ಬೆಳಕಿನ, ಅತಿ ಕತ್ತಲಿನ ಜಾಗ ಎರಡನ್ನೂ ಹುಡುಕಿ, ಎರಡಕ್ಕೂ ಒಂದಿಷ್ಟು ಜಾಗ ಉಳಿಯುವಂತೆ ಇಡಿ. ಕ್ಯಾಪ್ಚರ್ ಮಾಡಿದ್ದು ಸ್ವಲ್ಪ ಸಪ್ಪೆ ಕಂಡರೆ ಚಿಂತೆಯಿಲ್ಲ. ಸಪ್ಪೆಯನ್ನು ಆಮೇಲೆ ಸರಿಮಾಡಬಹುದು. ಅಂಚಿನ ಕಪ್ಪು ಪಟ್ಟಿಯೂ ಗ್ರಾಫಿನ ಎಡಗಡೆ ಕಾಣುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಎಚ್‌ಡಿಎಂಐನಲ್ಲಿ ಇದೇ ಸಮಸ್ಯೆ ಬೇರೆ ವೇಷದಲ್ಲಿ ಬರುತ್ತದೆ. ಬಾಕ್ಸ್ 16–235 ಎಂದು ಕಳಿಸಿ, ಕಾರ್ಡ್ 0–255 ಎಂದು ಓದಿದರೆ ಎಲ್ಲ ಮಂಕಾಗಿ ಕಾಣುತ್ತದೆ. ಉಲ್ಟಾ ಆದರೆ ಕತ್ತಲೆಯಲ್ಲಿ ಇರುವುದೆಲ್ಲ ಕಪ್ಪು ಮುದ್ದೆ. ಎರಡೂ ಕಡೆ ಒಂದೇ ಸೆಟ್ಟಿಂಗ್ ಇರಬೇಕು.

ಡ್ರೈವರ್‌ನಲ್ಲಿ ಶಾರ್ಪ್‌ನೆಸ್ ಎಂಬ ಸ್ಲೈಡರ್ ಇದ್ದರೆ ಏರಿಸಬೇಡಿ. ಅದು ವಿವರ ತರುವುದಿಲ್ಲ, ಅಂಚುಗಳ ಪಕ್ಕ ಬಿಳಿ ಗೆರೆ ಎಳೆಯುತ್ತದೆ. ನಾಯ್ಸನ್ನೂ ಎತ್ತಿ ತೋರಿಸುತ್ತದೆ.

ಎಷ್ಟು ದೊಡ್ಡ ಚಿತ್ರ, ಎಂಥ ಫೈಲ್?

1982ರಲ್ಲಿ ಒಂದು ಅಂತರರಾಷ್ಟ್ರೀಯ ಮಾನದಂಡ ಬಂತು. ಟಿವಿ ಚಿತ್ರವನ್ನು 13.5 ಮೆಗಾಹರ್ಟ್ಸ್‌ನಲ್ಲಿ ಅಳೆಯಬೇಕು, ಸಾಲಿಗೆ 720 ಪಿಕ್ಸೆಲ್ ಎಂದು ಅದರಲ್ಲಿ ತೀರ್ಮಾನವಾಯಿತು. ಪಾಲ್‌ನ 625 ಗೆರೆಗಳಲ್ಲಿ ಚಿತ್ರ ಇರುವುದು 576ರಲ್ಲಿ. ಅದಕ್ಕೇ 720×576. ಎನ್‌ಟಿಎಸ್‌ಸಿಗೆ 720×480. ಇದನ್ನೇ ಆಯ್ಕೆ ಮಾಡಿ. ವಿಎಚ್‌ಎಸ್‌ನಲ್ಲಿ ಇರುವುದೇ 240 ಗೆರೆ ಅಲ್ವಾ, ಅಡ್ಡಗಲ ಕಮ್ಮಿ ಮಾಡಿದರೆ ಏನು ಎಂದು ಕೇಳಬಹುದು. ಅಡ್ಡಗಲ ಇಳಿಸಿದರೆ ನಷ್ಟ ಸಣ್ಣದು, ಉಳಿತಾಯವೂ ಸಣ್ಣದು. ಎತ್ತರವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಈ ಗಾತ್ರದಲ್ಲಿ, 4:2:2 ಬಣ್ಣದಲ್ಲಿ (ಅಡ್ಡಗಲದಲ್ಲಿ ಬೆಳಕಿನ ಅರ್ಧದಷ್ಟು ಬಣ್ಣದ ಅಳತೆ), ಕಂಪ್ರೆಸ್ ಮಾಡದೆ ಬರೆದರೆ ಸೆಕೆಂಡಿಗೆ ಸುಮಾರು 20.7 ಎಂಬಿ, ಗಂಟೆಗೆ 75 ಜಿಬಿ ಹತ್ತಿರ. ಹಫ್‌ಯುವಿ, ಲಾಗರಿತ್, ಎಫ್‌ಎಫ್‌ವಿ1ನಂಥ ನಷ್ಟವಿಲ್ಲದ ಕೋಡೆಕ್‌ಗಳು (ವೀಡಿಯೊವನ್ನು ಕಂಪ್ರೆಸ್ ಮಾಡಿ ಬಿಚ್ಚುವ ವಿಧಾನಗಳು) ಒಂದು ಬಿಟ್ಟೂ ಕಳೆಯದೆ ಇದನ್ನು ಅರ್ಧದ ಆಸುಪಾಸಿಗೆ ಇಳಿಸುತ್ತವೆ. ಟೇಪಿನ ನಾಯ್ಸ್ ಜಾಸ್ತಿಯಿದ್ದಷ್ಟೂ ಫೈಲ್ ದೊಡ್ಡದು. ಜಾಗ ಇಲ್ಲ ಎಂದು ನೇರವಾಗಿ ಎಂಪೆಗ್‌ಗೋ ಕಮ್ಮಿ ಬಿಟ್‌ರೇಟಿನ ಎಚ್.264ಕ್ಕೋ ಕ್ಯಾಪ್ಚರ್ ಮಾಡಿದರೆ, ಎನ್‌ಕೋಡರ್ ತನ್ನ ಬಿಟ್‌ಗಳನ್ನೆಲ್ಲ ನಾಯ್ಸ್ ಬರೆಯಲು ಖರ್ಚು ಮಾಡಿ ಮುಖಗಳನ್ನು ಮೇಣದಂತೆ ಮಾಡಿಬಿಡುತ್ತದೆ. ಆಮೇಲೆ ನಾಯ್ಸ್ ತೆಗೆಯಲು ಹೋದರೆ ನಾಯ್ಸೂ ಚೌಕಗಳೂ ಬೆರೆತು ಏನನ್ನೂ ಸರಿಮಾಡಲಾಗದು. ತೀರಾ ಜಾಗವಿಲ್ಲದಿದ್ದರೆ ಹಳೆಯ ಡಿಜಿಟಲ್ ಕ್ಯಾಮ್‌ಕಾರ್ಡರ್‌ಗಳು ಬಳಸುತ್ತಿದ್ದ ಡಿವಿ ರೂಪ ಒಂದು ನಡುದಾರಿ. ಗಂಟೆಗೆ ಸುಮಾರು 13 ಜಿಬಿ. ಹಾರ್ಡ್‌ಡಿಸ್ಕ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ ಒಂದು ಫೈಲ್ 4 ಜಿಬಿಗೆ ನಿಂತುಬಿಡುತ್ತದೆ. ಶುರುಮಾಡುವ ಮೊದಲೇ ನೋಡಿಕೊಳ್ಳಿ.

ಕ್ಯಾಪ್ಚರ್ ನಡೆಯುವಾಗ ಡ್ರಾಪ್ ಆದ ಫ್ರೇಮ್‌ಗಳ ಎಣಿಕೆ ಸೊನ್ನೆಯಲ್ಲೇ ಇರಬೇಕು. ಏರುತ್ತಿದ್ದರೆ ಕಾರಣ ಪತ್ತೆಮಾಡಲು ಸುಲಭ ದಾರಿ ಇದೆ. ಅದೇ ಭಾಗವನ್ನು ಎರಡು ಸಲ ಕ್ಯಾಪ್ಚರ್ ಮಾಡಿ. ಎರಡು ಸಲವೂ ಅದೇ ಜಾಗದಲ್ಲಿ ಫ್ರೇಮ್ ಬಿದ್ದರೆ ತೊಂದರೆ ಟೇಪಿನ ಸಿಂಕ್‌ನಲ್ಲಿ, ಫ್ರೇಮ್ ಟಿಬಿಸಿ ಬೇಕು. ಎಲ್ಲೆಂದರಲ್ಲಿ ಬಿದ್ದರೆ ಕಂಪ್ಯೂಟರಿನಲ್ಲಿ. ಆಗ ಆ್ಯಂಟಿವೈರಸ್ ಸ್ಕ್ಯಾನ್ ನಿಲ್ಲಿಸಿ, ಯುಎಸ್‌ಬಿ ಹಬ್ ತೆಗೆದು ನೇರ ಪೋರ್ಟಿಗೆ ಹಾಕಿ, ವಿಂಡೋಸ್ ಇರುವ ಡಿಸ್ಕ್ ಬಿಟ್ಟು ಬೇರೆ ಡಿಸ್ಕಿಗೆ ಬರೆಸಿ. ತುಟಿಗೂ ಮಾತಿಗೂ ಹೊಂದದೆ ಹೋದರೆ, ಚಿತ್ರ ಒಂದು ಸಾಧನದಿಂದ, ಧ್ವನಿ ಸೌಂಡ್ ಕಾರ್ಡಿನಿಂದ ಬರುತ್ತಿದೆಯೇ ನೋಡಿ. ಎರಡರ ಗಡಿಯಾರಗಳೂ ಪೂರ್ತಿ ಒಂದೇ ವೇಗದಲ್ಲಿ ಓಡುವುದಿಲ್ಲ. ಧ್ವನಿಯನ್ನೂ ಕ್ಯಾಪ್ಚರ್ ಸಾಧನದ ಮೂಲಕವೇ ತೆಗೆದುಕೊಂಡರೆ ಈ ತೊಂದರೆ ಸಾಮಾನ್ಯವಾಗಿ ತಪ್ಪುತ್ತದೆ.

ಇಂಟರ್‌ಲೇಸ್: ಒಂದು ಫ್ರೇಮ್, ಎರಡು ಕ್ಷಣ

ಓಡುವವರ ಅಂಚಿನ ಗೆರೆಗಳ ಬಗ್ಗೆ ಬಹಳ ತಪ್ಪು ತಿಳಿವಳಿಕೆ ಇದೆ. ಅದು ಕ್ಯಾಪ್ಚರ್ ಕೆಟ್ಟಿದ್ದರ ಗುರುತಲ್ಲ. ಸರಿಯಾಗಿ ಆಗಿದೆ ಎನ್ನುವುದರ ಗುರುತು.

ಪಾಲ್ ಟಿವಿ ಸೆಕೆಂಡಿಗೆ 25 ಪೂರ್ತಿ ಚಿತ್ರ ಕಳಿಸುವುದಿಲ್ಲ. 50 ಅರ್ಧ ಚಿತ್ರ ಕಳಿಸುತ್ತದೆ. ಮೊದಲು 1, 3, 5ನೇ ಗೆರೆಗಳು, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ 2, 4, 6ನೇ ಗೆರೆಗಳು. ಇಂಥ ಒಂದೊಂದು ಅರ್ಧವೂ ಒಂದು ಫೀಲ್ಡ್. ಮುಖ್ಯವಾದ ಮಾತೆಂದರೆ ಎರಡು ಫೀಲ್ಡ್‌ಗಳು ಎರಡು ಬೇರೆ ಕ್ಷಣಗಳವು. ಚೆಂಡು ಹಾರುತ್ತಿದ್ದರೆ ಮೊದಲ ಫೀಲ್ಡ್‌ನಲ್ಲಿ ಒಂದು ಕಡೆ, ಎರಡನೆಯದರಲ್ಲಿ ಮುಂದೆ. ಕಂಪ್ಯೂಟರ್ ಎರಡನ್ನೂ ಹೆಣೆದು ಒಂದೇ ಫ್ರೇಮ್ ಮಾಡಿ ನಿಲ್ಲಿಸಿ ತೋರಿಸಿದಾಗ ಚೆಂಡಿನ ಅಂಚು ಸೀಳಿದಂತೆ ಕಾಣುತ್ತದೆ. ಕ್ಯಾಪ್ಚರ್ ಮಾಡುವಾಗ ಎತ್ತರವನ್ನು ಬದಲಿಸಿದರೆ ಎರಡು ಕ್ಷಣಗಳ ಗೆರೆಗಳು ಒಂದಕ್ಕೊಂದು ಕಲಸಿಹೋಗಿ ಮತ್ತೆ ಬೇರ್ಪಡಿಸಲು ಬರುವುದಿಲ್ಲ. ಎತ್ತರ ಮುಟ್ಟಬೇಡಿ ಎಂದದ್ದು ಅದಕ್ಕೆ.

ಆದ್ದರಿಂದ ಕ್ಯಾಪ್ಚರ್ ಫೈಲನ್ನು ಇಂಟರ್‌ಲೇಸ್ ಆಗಿಯೇ ಇಡಿ. ಡಿಇಂಟರ್‌ಲೇಸ್ ಮಾಡುವುದು, ಅಂದರೆ ಫೀಲ್ಡ್‌ಗಳಿಂದ ಪೂರ್ತಿ ಫ್ರೇಮ್ ಮಾಡುವುದು, ಆಮೇಲೆ, ಆ ಫೈಲಿನ ನಕಲಿನ ಮೇಲೆ. ಅಲ್ಲೂ ಒಂದು ಆಯ್ಕೆ ಇದೆ. ಎರಡು ಫೀಲ್ಡ್ ಸೇರಿಸಿ 25 ಫ್ರೇಮ್ ಮಾಡಿದರೆ ಅರ್ಧದಷ್ಟು ಚಲನೆ ಹೋಯಿತು. ಕ್ರಿಕೆಟ್, ನೃತ್ಯ, ಮದುವೆ ವೀಡಿಯೊಗಳಲ್ಲಿ ಇದು ಎದ್ದು ಕಾಣುತ್ತದೆ. ಪ್ರತಿ ಫೀಲ್ಡನ್ನೂ ಒಂದು ಪೂರ್ತಿ ಫ್ರೇಮ್ ಆಗಿ ಬೆಳೆಸಿ ಸೆಕೆಂಡಿಗೆ 50 ಫ್ರೇಮ್ ಮಾಡಿದರೆ ಹಳೆಯ ಟಿವಿಯಲ್ಲಿದ್ದ ಆ ಸಲೀಸು ಚಲನೆ ಹಾಗೇ ಬರುತ್ತದೆ. ಎಫ್‌ಎಫ್‌ಎಂಪೆಗ್‌ನಲ್ಲಿರುವ ಯಾಡಿಫ್, ಬಿಡಬ್ಲ್ಯುಡಿಐಎಫ್ ಎರಡಕ್ಕೂ ಇದು ಬರುತ್ತದೆ, ಬೇಗ ಮುಗಿಯುತ್ತದೆ. ಏವಿಸಿಂತ್‌ನಲ್ಲಿ ಓಡುವ ಕ್ಯೂಟಿಜಿಎಂಸಿ ನಿಧಾನ, ಆದರೆ ಚಲನೆಯನ್ನು ಹಿಂಬಾಲಿಸಿ ಇಲ್ಲದ ಗೆರೆಗಳನ್ನು ತುಂಬುತ್ತದೆ. ಮನೆಯ ಟೇಪುಗಳಿಗೆ ನನ್ನ ಮತ ಇದಕ್ಕೇ. ರಾತ್ರಿಯಿಡೀ ಓಡಲಿ, ಪರವಾಗಿಲ್ಲ.

ಫೀಲ್ಡ್‌ಗಳ ಕ್ರಮ ತಪ್ಪಿದರೆ ಚಿತ್ರ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎನ್ನುವಂತೆ ನಡುಗುತ್ತದೆ. 50 ಫ್ರೇಮ್ ಮಾಡಿದ ಮೇಲೆ ಒಂದೊಂದೇ ಫ್ರೇಮ್ ಸರಿಸಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಯಾವ ಫೀಲ್ಡ್ ಮೊದಲು ಎಂದು ಹೇಳುವ ಸೆಟ್ಟಿಂಗ್‌ನಲ್ಲಿ ಟಾಪ್ ಫಸ್ಟ್ ಇದ್ದದ್ದನ್ನು ಬಾಟಮ್ ಫಸ್ಟ್ ಮಾಡಿದರೆ ಸರಿಹೋಗುತ್ತದೆ. ಟಿವಿಯಲ್ಲಿ ಬಂದ ಸಿನಿಮಾ ಆಗಿದ್ದರೆ ಮೊದಲು ಪರೀಕ್ಷಿಸಿ. ಪಾಲ್‌ನಲ್ಲಿ ಸಿನಿಮಾದ ಎರಡೂ ಫೀಲ್ಡ್ ಒಂದೇ ಕ್ಷಣದವಾಗಿರಬಹುದು, ಆಗ ಡಿಇಂಟರ್‌ಲೇಸ್ ಬೇಕಾಗಿಲ್ಲ. ಎನ್‌ಟಿಎಸ್‌ಸಿ ಸಿನಿಮಾಗಳಲ್ಲಿ 24 ಫ್ರೇಮ್‌ಗಳನ್ನು 60 ಫೀಲ್ಡ್‌ಗಳಿಗೆ ಹಂಚಿರುತ್ತಾರೆ, ಅದಕ್ಕೆ ಇನ್ವರ್ಸ್ ಟೆಲಿಸಿನಿ ಎಂಬ ಬೇರೆ ವಿಧಾನ ಇದೆ.

ಈಗ ಫಿಲ್ಟರ್

ಇಷ್ಟಾದ ಮೇಲೆ ಫಿಲ್ಟರ್‌ಗೆ ಉಳಿಯುವ ಕೆಲಸ ಕಮ್ಮಿ. ಡಿಇಂಟರ್‌ಲೇಸ್ ಆದ ನಂತರ ನಾಯ್ಸ್ ತೆಗೆಯಿರಿ. ಬಣ್ಣದ ನಾಯ್ಸನ್ನು ಧಾರಾಳವಾಗಿ ತೆಗೆಯಬಹುದು, ವಿಎಚ್‌ಎಸ್‌ನಲ್ಲಿ ಬಣ್ಣದ ವಿವರ ಇರುವುದೇ ಅತಿ ಸ್ವಲ್ಪ. ಬೆಳಕಿನ ನಾಯ್ಸ್ ವಿಷಯದಲ್ಲಿ ಕೈ ಹಿಡಿದು ಮಾಡಿ. ಕೂದಲು, ಬಟ್ಟೆಯ ನೇಯ್ಗೆ, ಮುಖದ ಸುಕ್ಕು ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಹಳೆಯ ಟೇಪುಗಳಲ್ಲಿ ಬಣ್ಣ ವಸ್ತುವಿನಿಂದ ಒಂದೆರಡು ಪಿಕ್ಸೆಲ್ ಪಕ್ಕಕ್ಕೋ ಕೆಳಕ್ಕೋ ಜಾರಿರುತ್ತದೆ, ತುಟಿಯ ಕೆಂಪು ಗಲ್ಲಕ್ಕೆ ಇಳಿದಂತೆ. ನಕಲಿನ ನಕಲಾದ ಟೇಪಿನಲ್ಲಿ ಇನ್ನೂ ಜಾಸ್ತಿ. ಬಣ್ಣದ ಪದರವನ್ನಷ್ಟೇ ಸರಿಸಿ ಇದನ್ನು ಸರಿಮಾಡಬಹುದು, ಸಣ್ಣ ಕೆಲಸಕ್ಕೆ ದೊಡ್ಡ ಫಲ.

ಚಿತ್ರದ ತಳದಲ್ಲಿ ಕೆಲವು ಗೆರೆ ಹರಿದಂತೆ ಇರುತ್ತದೆ. ವಿಸಿಆರ್ ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವ ಜಾಗ ಅದು, ಎಲ್ಲ ಟೇಪಿನಲ್ಲೂ ಇದೆ. ಕತ್ತರಿಸುವ ಬದಲು ಅದರ ಮೇಲೆ ಕಪ್ಪು ಪಟ್ಟಿ ಹಾಕಿದರೆ ಚಿತ್ರದ ಅಳತೆ ಕೆಡುವುದಿಲ್ಲ. ಎಐ ಅಪ್‌ಸ್ಕೇಲ್ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ. ದೂರದ ಸಣ್ಣ ಮುಖಗಳಿಗೆ ಅದು ಹೊಸ ಕಣ್ಣು ಮೂಗು ಬರೆಯುತ್ತದೆ. ಮನೆಯವರ ವೀಡಿಯೊದಲ್ಲಿ ಅದು ಬೇಡ. ಬೇಕೆಂದರೆ ಬೇರೆ ನಕಲಿನಲ್ಲಿ ಮಾಡಿ.

ಕೊನೆಯ ಎನ್‌ಕೋಡ್‌ಗೆ ಎಚ್.264, ಸಿಆರ್‌ಎಫ್ (ಗುಣಮಟ್ಟದ ಅಂಕಿ, ಕಮ್ಮಿಯಾದಷ್ಟೂ ಚಿತ್ರ ಚೆನ್ನ) 18ರ ಆಸುಪಾಸು ಸಾಕು. 720×576 ಪಿಕ್ಸೆಲ್‌ಗಳು ಚೌಕವಲ್ಲ. ಹಾಗೇ ಬಿಟ್ಟರೆ ಮುಖಗಳು ಅಳತೆ ತಪ್ಪುತ್ತವೆ. 4:3 ಎಂಬ ಗುರುತನ್ನು ಫೈಲಿಗೆ ಸೇರಿಸಿ, ಅಥವಾ 768×576ಕ್ಕೆ ಹಿಗ್ಗಿಸಿ. ದೃಶ್ಯದಲ್ಲಿ ಎಲ್ಲಾದರೂ ನೇರ ಎದುರಿಗೆ ಗೋಡೆ ಗಡಿಯಾರವೋ ಗಾಡಿಯ ಚಕ್ರವೋ ಇದ್ದರೆ ಅದು ದುಂಡಗಿದೆಯೇ ನೋಡಿ. ಮೂಲ ಕ್ಯಾಪ್ಚರ್ ಫೈಲನ್ನು ಎಫ್‌ಎಫ್‌ವಿ1ನಲ್ಲಿ ಬೇರೆ ಡಿಸ್ಕಿನಲ್ಲಿ ಎತ್ತಿಡಿ. ಮುಂದೆ ಇನ್ನೂ ಒಳ್ಳೆಯ ಡಿಇಂಟರ್‌ಲೇಸರ್ ಬಂದರೆ ಟೇಪನ್ನು ಮತ್ತೆ ಓಡಿಸದೆ ಅದರಿಂದಲೇ ಕೆಲಸ ಮಾಡಬಹುದು. ಅಷ್ಟರಲ್ಲಿ ಆ ಟೇಪು ಓಡುವ ಸ್ಥಿತಿಯಲ್ಲಿ ಇರುತ್ತದೆಂದು ಹೇಳುವಂತಿಲ್ಲ.